ಗಿರಣಿ ಮಾವನ ದನಿ

ನವೆಂಬರ್ ೧೮, ಸೋಮವಾರ

ಹಳೆಯ ಕಂಪ್ಯೂಟರು ಹೋದ ವಾರ ತೀರಿಕೊಂಡಿತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬರುವಾಗ ತನ್ನ ಅಣ್ಣತಮ್ಮಂದಿರನ್ನೆಲ್ಲ ಕರೆದುಕೊಂಡು ಬಂತು. ಸುಟ್ಟ ವಾಸನೆ ಮೊದಲು ಬಡಿದದ್ದು ನನ್ನ ಮೂಗಿಗೆ. ಸ್ಟಾಫ್‌ರೂಮಿನಲ್ಲಿದ್ದ ಉಳಿದವರು ಯಾರದೋ ಡಬ್ಬಿಯ ಪಲ್ಯ ಸೀದಿದೆ ಎಂದು ನಗುತ್ತ ಕೂತಿದ್ದರು. ನನ್ನ ದಿನಚರಿಯೆಲ್ಲ ಅದರೊಳಗೇ ಇತ್ತು. ಅದರ ಸಂಗಡವೇ ಹೋಯಿತು.

ಇದು ಹೊಸ ಕಡತ. ಹೊಸಬರ ಮನೆಗೆ ಹೋದರೆ ಹೊಸ್ತಿಲಲ್ಲಿ ನಿಂತು ಹೆಸರು ಹೇಳಬೇಕಲ್ಲ, ಹೇಳುತ್ತೇನೆ. ನಾನು ಮೌಲಾಸಾಬ. ಊರು ಮಾಗಡಿ. ದಿನಾ ಬಸ್ಸಿನಲ್ಲಿ ಶಿರಹಟ್ಟಿಗೆ ಬಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬುದ್ಧಿ ತಿಳಿಯುವ ಮೊದಲೇ ದಡಾರ ಬಂದು ಎರಡೂ ಕಣ್ಣು ಹೋದವು. ಹಾಗಾಗಿ ನಾನು ಒತ್ತಿದ ಕೀಲಿಯನ್ನು, ಪರದೆಯ ಮೇಲೆ ಬಂದದ್ದನ್ನು ಒಂದು ದನಿ ಕಿವಿಯಲ್ಲಿ ಓದಿ ಹೇಳಿದರೆ ಮಾತ್ರ ಕಂಪ್ಯೂಟರು ನನ್ನ ಮಾತು ಕೇಳುತ್ತದೆ.

ಹಳೆಯದರಲ್ಲಿ ಒಬ್ಬ ಅಕ್ಕ ಇದ್ದಳು. ಏನು ಇಂಪು! ನಗರಸಭೆಯ ಸುತ್ತೋಲೆಯನ್ನೂ ಜೋಗುಳದ ಹಾಗೆ ಓದುತ್ತಿದ್ದಳು. ಯಾವುದೋ ಸಂಸ್ಥೆಯವರು ದಾನ ಕೊಡುವಾಗ ಬರೆಯುವ ತಂತ್ರಾಂಶ, ಅಂಕಪಟ್ಟಿ ಹಾಕುವ ತಂತ್ರಾಂಶ, ಓದುವ ಅಕ್ಕ, ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕೊಟ್ಟಿದ್ದರು. ಈಗ ಹೊಸ ಕಂಪ್ಯೂಟರಿನಲ್ಲಿ ಆ ಗಂಟು ಬಿಚ್ಚಲು ಹೋದರೆ, ಈ ಪರವಾನಗಿ ಸತ್ತ ಯಂತ್ರದ್ದು, ಹೊಸದನ್ನು ಕೊಳ್ಳಿ ಎನ್ನುತ್ತದೆ. ಬೆಲೆ ಕೇಳಿ ಮುಖ್ಯೋಪಾಧ್ಯಾಯ ಪುಂಡಲೀಕಪ್ಪನವರು, “ಇದರಾಗ ಸಾಲಿಗಿ ಒಂದು ಖೋಲಿ ಕಟ್ಟಸಬಹುದಲ್ರಿ ಮೌಲಾಸಾಬ್ರ” ಎಂದು ನಕ್ಕರು. “ಹೌದ್ರಿ ಸರ” ಎಂದು ನಾನೂ ನಕ್ಕೆ. ನಗಬಾರದಿತ್ತು.

ಬೆಟಗೇರಿಯಲ್ಲಿರುವ ಗೆಳೆಯ ಇಜಾಜನಿಗೆ ಫೋನು ಮಾಡಿದೆ. ಅಂಧರ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. “ಲೇ ಮೌಲಾ, ಪುಕ್ಕಟೆ ಓದೋ ತಂತ್ರಾಂಶ ಐತಲೇ. ಮೊದಲ ಮಾಡಿದವರೂ ನಮ್ಮಂಗ ಕಣ್ಣಿಲ್ಲದವರ. ಬರಿಯಾಕ, ಲೆಕ್ಕಕ್ಕ ಎಲ್ಲಾದಕ್ಕೂ ಪುಕ್ಕಟೆ ಅದಾವು. ಹಾಕ್ಕೊಂಡು ಸುಮ್ಮಕ ಕುಂಡ್ರು” ಎಂದ. ಇಂಗ್ಲಿಷ್ ಮಾಸ್ತರ ವೀರೇಶ ಸರ್ ಎಲ್ಲ ಹಾಕಿಕೊಟ್ಟರು. ಒಳ್ಳೆಯ ಮನುಷ್ಯ.

ಹೊಸ ಕಂಪ್ಯೂಟರನ್ನು ಇಟ್ಟಿರುವುದು ಹತ್ತನೆಯ ತರಗತಿಯ ಕೋಣೆಯಲ್ಲಿ, ಪಾಠ ತೋರಿಸುವ ದೊಡ್ಡ ಟಿವಿಯ ಕೆಳಗೆ. ಪ್ಲಗ್ಗು ಅಲ್ಲೊಂದೇ ಸರಿಯಿದೆಯಂತೆ. ಮಕ್ಕಳು ಬಿಸಿಯೂಟಕ್ಕೆ ಹೋದ ಮೇಲೆ ಕೋಣೆ ನನ್ನದು. ಎರಡೂ ಕಿವಿಗೆ ಇಯರ್‌ಫೋನು ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ಫೋನು ಮಾಡಬಹುದು, ಸುದ್ದಿ ಕೇಳಬಹುದು. ಪುಟಗಟ್ಟಲೆ ಬರೆಯಲು ಕೀಲಿಮಣೆಯೇ ಬೇಕು.

ನವೆಂಬರ್ ೨೦, ಬುಧವಾರ

ಈ ದನಿಯ ಜೊತೆ ನನ್ನಿಂದ ಬಾಳುವೆ ಆಗದು.

ಹಿಟ್ಟಿನ ಗಿರಣಿಯೊಳಗೆ ಕೂತು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಗಿರಣಿಯ ಪಟ್ಟಿಯ ಸದ್ದಿಗೆ ಎದುರಾಗಿ ಕೂಗಿದ ಹಾಗೆ ಓದುತ್ತಾನೆ. ವಾಕ್ಯ ಮುಗಿದರೂ ದನಿ ಇಳಿಯುವುದಿಲ್ಲ. ಮದುವೆಯ ಸುದ್ದಿಗೂ ಸಾವಿನ ಸುದ್ದಿಗೂ ಒಂದೇ ರಾಗ. ನಾನು ಇವನಿಗೆ ಗಿರಣಿ ಮಾವ ಎಂದು ಹೆಸರಿಟ್ಟಿದ್ದೇನೆ.

ಅಕ್ಕನಿಗೆ ನಾನು ವರ್ಷಗಟ್ಟಲೆ ಕೂತು ಕಲಿಸಿದ್ದೆಲ್ಲ ಹೋಯಿತು. ಓದುವ ವೇಗ, ಯಾವ ಕೀಲಿಗೆ ಏನು, ಪರದೆ ಕಪ್ಪಾಗಿ ಇರುವುದು, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು. ಎಡಗೈಗೆ ರೂಢಿಯಾದ ಕೀಲಿ ಒತ್ತಿದರೆ ಇವನು ಗಡಿಯಾರದ ಹೊತ್ತು ಹೇಳುತ್ತಾನೆ. ಹೊತ್ತು ಯಾರಿಗೆ ಬೇಕಾಗಿತ್ತು?

ಇಜಾಜನಿಗೆ ಬಯ್ದೆ. “ಹೊಸಾ ಎತ್ತು ಕಟ್ಟಿದ್ರ ವಾರ ಪೂರಾ ಒದೀತೈತಿ. ನೀ ಒಂದ ದಿನಕ್ಕ ಸಂತಿಗಿ ಹೊಡಕೊಂಡು ಹೊಂಟೀಯೇನು?” ಎಂದ.

ನವೆಂಬರ್ ೨೫, ಸೋಮವಾರ

ವೀರೇಶ ಸರ್ ಹೋದ ವರ್ಷದ ಪ್ರಶ್ನೆಪತ್ರಿಕೆಗಳ ಕಡತ ಕೊಟ್ಟರು. ತೆರೆದರೆ ಗಿರಣಿ ಮಾವ, “ಎಸ್, ಡಾಲರ್, ಬ್ರಾಕೆಟ್, ಕ್ಯೂ, ಕ್ಯೂ” ಎಂದು ಶುರು ಮಾಡಿದ. ಮೈಮೇಲೆ ದೇವರು ಬಂದವರು ಸಹ ಇದಕ್ಕಿಂತ ತಿಳಿಯುವ ಹಾಗೆ ಮಾತಾಡುತ್ತಾರೆ. ಇಜಾಜ ಹೇಳಿದ, ಅದು ಹಳೆಯ ಫಾಂಟಿನದು, ಕಣ್ಣಿದ್ದವರಿಗೆ ಕನ್ನಡದ ಹಾಗೆ ಕಾಣುತ್ತದೆ, ಒಳಗೆ ಇಂಗ್ಲಿಷ್ ಕೀಲಿಗಳೇ ಇರುತ್ತವೆ, ಯೂನಿಕೋಡಿಗೆ ತಿರುಗಿಸಬೇಕು ಅಂತ. ತಿರುಗಿಸಿದರೆ ಒತ್ತಕ್ಷರಗಳು ಅರ್ಧ ಉಳಿದು ಅರ್ಧ ಬಿದ್ದುಹೋದವು.

ಮತ್ತೊಂದು ತಲೆಬಿಸಿ. ಪುಕ್ಕಟೆ ತಂತ್ರಾಂಶದಲ್ಲಿ ಒಂದು ಪುಟದ ಅಭ್ಯಾಸದ ಹಾಳೆ ಮಾಡಿ, ಬಜಾರದಲ್ಲಿ ಹನಮಪ್ಪನ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವಿನಲ್ಲಿ ಒಯ್ದೆ. ಅವನ ಕಂಪ್ಯೂಟರಿನಲ್ಲಿರುವುದು ಕೊಂಡ ತಂತ್ರಾಂಶ. “ಸರ, ನಿಮ್ಮ ಹಾಳಿ ನನ್ನ ಹಂತ್ಯಾಕ ಬಂದ ಕೂಡಲೇ ಕುಣ್ಯಾಕ ಹತ್ತೇತ್ರಿ. ಪ್ರಶ್ನಿ ಒಂದ ಪುಟಕ್ಕ, ಅದರ ನಂಬರ ಇನ್ನೊಂದ ಪುಟಕ್ಕ!” ಎಂದ. ಎರಡು ಸಲ ಹೋಗಿ ಬಂದೆ. ಕಡೆಗೆ ಕುಣಿಯದ ಹಾಗೆ ಪಿಡಿಎಫ್ ಮಾಡಿ ಒಯ್ಯಬೇಕೆಂದು ಗೊತ್ತಾಯಿತು. ಮೊದಲೇ ಹೇಳಲು ಯಾರಿಗೂ ಬಾಯಿರಲಿಲ್ಲ.

ಇವತ್ತು ಪಾಠದ ನಡುವೆ ಜಾಹೀದ, ಹಿಂದಿನ ಬೆಂಚಿನ ಮಹಾರಾಯ, “ಸರ, ಗಿರಣಿ ಮಾವ ಆರಾಮ ಅದಾನೇನ್ರಿ?” ಎಂದು ಕೇಳಿದ. ಕೋಣೆಯೆಲ್ಲ ನಕ್ಕಿತು. ಸಿಟ್ಟಿನಲ್ಲಿ ಯಾವಾಗಲೋ ನಾನೇ ಬಾಯಿಬಿಟ್ಟು ಬಯ್ದಿರಬೇಕು. ಎಚ್ಚರದಿಂದ ಇರಬೇಕು.

ಡಿಸೆಂಬರ್ ೩, ಮಂಗಳವಾರ

ಇವತ್ತು ಅಂಗವಿಕಲರ ದಿನವಂತೆ. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಪುಂಡಲೀಕಪ್ಪನವರು ಮೈಕಿನಲ್ಲಿ, “ದೇವರು ಇವರಿಗೆ ಕಣ್ಣು ಕೊಡಲಿಲ್ಲ, ಪಾಪ, ಆದರೂ ನಮ್ಮ ಸಂಸ್ಥೆ ಇವರನ್ನು ಕೈಬಿಟ್ಟಿಲ್ಲ” ಎಂದರು. ಚಪ್ಪಾಳೆ. ಬಾಳೆಹಣ್ಣು ಕೊಟ್ಟರು.

ಕಾರ್ಯಕ್ರಮ ಮುಗಿದ ಮೇಲೆ ತಮ್ಮ ಕೋಣೆಗೆ ಕರೆದು ಕೂಡಿಸಿಕೊಂಡರು.

“ಮೌಲಾಸಾಬ್ರ, ನಿಮಗ ಈ ಹೊಸಾ ಕಂಪ್ಯೂಟರು ಬಾಳ ತ್ರಾಸು ಕೊಡಾಕ ಹತ್ತೇತಿ ಅಂತ ಕೇಳಿದೆ. ಹತ್ತನೇತ್ತಾದ್ದು ಅಂದ್ರ ಬೋರ್ಡಿನ ಪರೀಕ್ಷಾ. ದಿನಾ ಟೆಸ್ಟು, ಮಾರ್ಕ್ಸು, ಆನ್‌ಲೈನು. ವೀರೇಶ ಸರ್ ನೋಡ್ಕೋತಾರ. ನೀವು ಎಂಟನೇತ್ತಾ ತಗೊಂಡು ಆರಾಮ ರಾಜಾರಾಣಿ ಕಥಿ ಹೇಳಿಕೋಂತ ಇರ್ರಿ.”

ಅವರೇ ಮತ್ತೆ, “ಬೇಜಾರ ಮಾಡ್ಕೋಬ್ಯಾಡ್ರಿ. ಹದಿನಾಲ್ಕನೇ ತಾರೀಖಿನ ಟೆಸ್ಟಿಂದು ಪ್ರಶ್ನೆಪತ್ರಿಕಿ ನೀವ ಒಬ್ಬರ ತಗೀರಿ. ಯಾರ ಕೈಯಾಗೂ ಕೊಡಬ್ಯಾಡ್ರಿ, ಯಾರಿಗೂ ತೋರಿಸಬ್ಯಾಡ್ರಿ. ಸರಿ ಆತಂದ್ರ ಹತ್ತನೇತ್ತಾ ನಿಮ್ಮದ. ಇಲ್ಲಂದ್ರ ನಾ ಹೇಳಿದಂಗ” ಎಂದರು.

“ಆತ್ರಿ ಸರ” ಎಂದು ಬಂದೆ.

ಹೇಳಬೇಕಾಗಿದ್ದದ್ದು ಇದು: ಸರ, ಹತ್ತನೆಯ ತರಗತಿ ನನಗೆ ಯಾರೂ ಕೊಟ್ಟ ಬಾಳೆಹಣ್ಣಲ್ಲ. ಈ ಶಾಲೆಗೆ ಬಂದಾಗಿನಿಂದ ಕಲಿಸುತ್ತಿದ್ದೇನೆ. ನಕಾಶೆಯನ್ನು ಹುರಿಯಿಂದ ಮಾಡಿ ಬೆರಳಿಂದ ಮುಟ್ಟಿಸಿ ಕಲಿಸಿದವನು ನಾನು. ಅದನ್ನು ಕಸಿದುಕೊಂಡರೆ ನಾನು ಈ ಶಾಲೆಯ ಮಾಸ್ತರನಾಗಿ ಉಳಿಯುವುದಿಲ್ಲ, ಡಿಸೆಂಬರ್ ಮೂರಕ್ಕೆ ಶಾಲು ಹೊದಿಸಲು ಇಟ್ಟುಕೊಂಡ ಮನುಷ್ಯನಾಗುತ್ತೇನೆ. ನಿಮ್ಮ ಶಾಲು ನಿಮ್ಮ ಹತ್ತಿರವೇ ಇರಲಿ.

ಇಲ್ಲಿ ಬರೆದೆ. ಈ ಮಾವ ಇದನ್ನೂ ಅದೇ ರಾಗದಲ್ಲಿ ಓದಿ ತೋರಿಸಿದ.

ಡಿಸೆಂಬರ್ ೫, ಗುರುವಾರ

ಹತ್ತನೆಯ ತರಗತಿಗೆ ಏನೋ ಆಗಿದೆ. ನಿನ್ನೆಯಿಂದ ಹಿಂದಿನ ಬೆಂಚು ಕಿರಗುಟ್ಟುವುದಿಲ್ಲ. ಜಾಹೀದ ತಾನಾಗಿ ಎದ್ದು ಪಾಠ ಓದಿದ. ಮೇಜಿನ ಮೇಲೆ ಯಾರೋ ಒಂದು ಹಿಡಿ ಬೋರೆಹಣ್ಣು ಇಟ್ಟಿದ್ದರು. ಈ ಸುಗ್ಗಿಯಲ್ಲಿ ಒಂದೂ ಬಾಯಿಗೆ ಬೀಳಲಿಲ್ಲವೆಂದು ಮೊನ್ನೆ ಇಲ್ಲೇ ಬರೆದು, ಮಾಸ್ತರನಿಗೆ ತಿಂಡಿಪೋತನ ಒಪ್ಪುವುದಿಲ್ಲವೆಂದು ಅಳಿಸಿದ್ದೆ. ಅಲ್ಲಾಹನ ಕೃಪೆ ಎಂದುಕೊಂಡು ತಿಂದೆ.

ಪಾಠ ಮುಗಿಸಿ ಹೊರಡುವಾಗ ಸುಶ್ಮಿತಾ ಅಡ್ಡ ಬಂದಳು. ಬಿಸಿಯೂಟ ಮಾಡುವ ಸುಮಿತ್ರವ್ವನ ಮೊಮ್ಮಗಳು, ಅಜ್ಜಿಯ ಹಾಗೆಯೇ ಬಾಯಿ ಜೋರು. “ಸರ, ನೀವು ನಮ್ಮ ಕ್ಲಾಸ್ ಬಿಟ್ಟು ಎಂಟನೇತ್ತಕ್ಕ ಹೋಗಂಗಿಲ್ಲ ಹೌದಲ್ರಿ?”

“ಯಾರ ಹೇಳಿದರವ್ವಾ ನಿನಗ?”

“ಯಾರೂ ಹೇಳಿಲ್ರಿ. ಸುಮ್ಮಕ ಕೇಳಿದೆ.”

ಮುಖ್ಯೋಪಾಧ್ಯಾಯರ ಕೋಣೆಯ ಗೋಡೆ ತೆಳ್ಳಗಿದೆ. ಇನ್ನು ಊರಿಗೆಲ್ಲ ಗೊತ್ತಾಗಲು ಎಷ್ಟು ಹೊತ್ತು.

ಡಿಸೆಂಬರ್ ೧೦, ಮಂಗಳವಾರ

ಮಾಗಡಿ ಕೆರೆಗೆ ಹಕ್ಕಿ ಇಳಿದಿವೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬರುವಾಗ ತಲೆಯ ಮೇಲೆ ಕೂಗುತ್ತ ಕಡಲೆ ಹೊಲಗಳ ಕಡೆ ಹೋದವು. ನನ್ನ ಹೆಂಡತಿ ಮೆಹಬೂಬಿ, “ನಿಮ್ಮ ಗಿರಣಿ ಮಾವಗಿಂತ ಇವುಗಳ ದನಿ ಪಾಡ ಐತಿ ಬಿಡ್ರಿ” ಎಂದಳು. ಮೊನ್ನೆ ಭಾನುವಾರ ಬೆಟಗೇರಿಗೆ ಹೋದಾಗ ಇಜಾಜನ ಮನೆಯಲ್ಲಿ ಮಾವನ ದನಿ ಕೇಳಿ ಬಂದಿದ್ದಾಳೆ. ಯಾಕೋ ನನಗೆ ರೇಗಿತು. “ಅಂವಾ ಏನ ನಿನಗ ಹಾಡ ಹೇಳಾಕ ಬಂದಾನೇನು?” ಎಂದೆ.

ಅವತ್ತು ಇಜಾಜ ನನ್ನ ಪೆನ್‌ಡ್ರೈವಿನಲ್ಲಿ ಮಾವನನ್ನೂ ಪುಕ್ಕಟೆ ಬರೆಯುವ ತಂತ್ರಾಂಶವನ್ನೂ ತುಂಬಿ ಕೊಟ್ಟ. “ಇದನ್ನ ಯಾವ ಕಂಪ್ಯೂಟರಿಗಿ ಚುಚ್ಚಿದ್ರೂ ಅಂವಾ ಎದ್ದು ಮಾತಾಡ್ತಾನ. ನಿನ್ನ ಅಕ್ಕ ಮನಿ ಬಿಟ್ಟು ಹೊರಗ ಬರತಿದ್ದಿಲ್ಲಲೇ” ಎಂದ. ಎಲ್ಲಿ ಚುಚ್ಚಲಿ? ನನಗಿರುವುದು ಒಂದೇ ಕಂಪ್ಯೂಟರು. ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ಓದುವ ವೇಗವನ್ನು ಹೆಚ್ಚಿಸಿದ್ದೇನೆ. ಅಕ್ಕನನ್ನು ಇಷ್ಟು ಓಡಿಸಿದ್ದರೆ ನಾಲಿಗೆ ತೊಡರಿ ಬೀಳುತ್ತಿದ್ದಳು. ಇವನು ಓಡುತ್ತ ಓಡುತ್ತಲೂ ಅಕ್ಷರ ಚೆಲ್ಲುವುದಿಲ್ಲ. ಅದರಲ್ಲಿ ಹೊಗಳುವಂಥದ್ದೇನೂ ಇಲ್ಲ. ಗಿರಣಿಗೆ ಓಡುವುದೇ ಕೆಲಸ.

ಡಿಸೆಂಬರ್ ೧೨, ಗುರುವಾರ

ಪ್ರಶ್ನೆಪತ್ರಿಕೆಗೆ ಕೂತೆ. ಎಂಟು ಪ್ರಶ್ನೆ ಆದವು. ಎರಡು ಉಳಿದಿವೆ. ಒಂದು ಅಂಕದವನ್ನು ಮೇಲೆ, ದೊಡ್ಡವನ್ನು ಕೆಳಗೆ ಹಾಕಿ, ಅಂಚು ಸರಿಮಾಡಿ, ಸಾಲು ಬಿಟ್ಟು, ಮತ್ತೆ ಮತ್ತೆ ಓದಿಸಿ ಕೇಳಿದೆ. ಬೆನ್ನು ಹಿಡಿದುಕೊಂಡಿತು. ಅಕ್ಕ ಇದ್ದಿದ್ದರೆ ಇಷ್ಟೊತ್ತಿಗೆ ಮುಗಿದು ಚಹಾ ಕುಡಿಯುತ್ತಿದ್ದೆ.

ಕೋಣೆ ಮಾತ್ರ ಇವತ್ತು ಬಹಳ ಶಾಂತವಾಗಿತ್ತು. ಇಯರ್‌ಫೋನು ತೆಗೆದಾಗ ಯಾರೋ ಉಸಿರು ಬಿಟ್ಟ ಹಾಗಾಯಿತು. “ಯಾರದು?” ಎಂದೆ. “ನಾವ್ರಿ ಸರ, ಊಟಾ ಆತ್ರಿ” ಎಂದಳು ಸುಶ್ಮಿತಾ. ಓದಲು ಬೇಗ ಬಂದಿದ್ದಾರೆ. ಇಂಥ ಮಕ್ಕಳನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಡಿಸೆಂಬರ್ ೧೩, ಶುಕ್ರವಾರ

ಮಧ್ಯಾಹ್ನ ಕರೆಂಟಿರಲಿಲ್ಲ. ಯುಪಿಎಸ್ ಕೊಂಯ್ ಕೊಂಯ್ ಎನ್ನುವುದರೊಳಗೆ ಒಂಬತ್ತನೆಯದು, ಹತ್ತನೆಯದು ಬರೆದು ಮುಗಿಸಿ ಪೆನ್‌ಡ್ರೈವಿಗೆ ಹಾಕಿದೆ. ಕರೆಂಟು ಬಂದ ಮೇಲೆ ಹನಮಪ್ಪನ ಅಂಗಡಿಯಲ್ಲಿ ನಾನೇ ನಿಂತು ಪ್ರತಿ ತೆಗೆಸಿ, ಲಕೋಟೆಗೆ ಅಂಟು ಹಚ್ಚಿ ತಂದೆ. ಒಂದು ಪುಟವೂ ಕುಣಿಯಲಿಲ್ಲ. ಯಾರ ಕೈಗೂ ಕೊಟ್ಟಿಲ್ಲ, ಯಾರಿಗೂ ತೋರಿಸಿಲ್ಲ.

ಡಿಸೆಂಬರ್ ೧೪, ಶನಿವಾರ

ಟೆಸ್ಟು ಆಯಿತು. ಕೋಣೆಯಲ್ಲಿ ಪೆನ್ನುಗಳು ಜೋಳದ ಹೊಲಕ್ಕೆ ಮಿಡತೆ ಬಿದ್ದ ಹಾಗೆ ಸದ್ದು ಮಾಡಿದವು. ಜಾಹೀದ ಹೆಚ್ಚಿಗೆ ಹಾಳೆ ಕೇಳಿದ! ಪುಂಡಲೀಕಪ್ಪನವರು ಬಾಗಿಲಲ್ಲಿ ನಿಂತು, “ಭೇಷ್ ಮೌಲಾಸಾಬ್ರ, ನಿಮ್ಮಿಂದ ಆತಲ್ರಿ!” ಎಂದರು. ನಿಮ್ಮಿಂದ ಆಗುವುದಿಲ್ಲವೆಂದು ತಿಳಿದಿದ್ದೆ ಎಂದೇ ಅದರ ಅರ್ಥ. ಇರಲಿ, ಇವತ್ತು ಸಿಟ್ಟು ಬರಲಿಲ್ಲ.

ಡಿಸೆಂಬರ್ ೧೬, ಸೋಮವಾರ

ಇದನ್ನು ಟಿವಿಯ ಪ್ಲಗ್ಗು ಕಿತ್ತು, ಬಾಗಿಲಿಗೆ ಚಿಲಕ ಹಾಕಿ ಬರೆಯುತ್ತಿದ್ದೇನೆ.

ಮಕ್ಕಳ ಕೈಬರಹವನ್ನು ಯಾವ ತಂತ್ರಾಂಶವೂ ನನಗೆ ಸರಿಯಾಗಿ ಓದಿ ಹೇಳುವುದಿಲ್ಲ. ಅದನ್ನು ಓದುವವಳು ಮೆಹಬೂಬಿ. ಓದುತ್ತ ಓದುತ್ತ ತನಗೆ ಸೇರದ ಯುದ್ಧಗಳನ್ನು ಹಾರಿಸಿಬಿಡುತ್ತಾಳೆ, “ಬರೇ ಕಡಿದಾಟ, ಬಿಡ್ರಿ, ಮಾರ್ಕ್ಸ್ ಕೊಡ್ರಿ” ಎನ್ನುತ್ತಾಳೆ. ನಾನು ಬಯ್ದ ಮೇಲೆ ಮತ್ತೆ ಓದುತ್ತಾಳೆ. ನಿನ್ನೆ ಒಂದಷ್ಟು ಪತ್ರಿಕೆ ಓದಿದವಳು ನಡುವೆ ತಡೆದಳು.

“ಏನ್ರೀ ಇದು, ಎಲ್ಲಾರದೂ ಎಂಟನೇ ಪ್ರಶ್ನಿ ತನಕ ಗಾಡಿ ಟಾರ್ ರೋಡಿನ್ಯಾಗ ಓಡೇತಿ. ಒಂಬತ್ತಕ್ಕ ಬಂದ ಕೂಡಲೇ ಎಲ್ಲಾರದೂ ಕೆಸರಿನ್ಯಾಗ ಹುಗದೈತಿ. ಒಬ್ಬರದೂ ಉಳದಿಲ್ಲ ನೋಡ್ರಿ!”

ಒಂಬತ್ತು ಮತ್ತು ಹತ್ತು ಕರೆಂಟಿಲ್ಲದಾಗ ಬರೆದವು.

ಇವತ್ತು ತರಗತಿಗೆ ಹೋಗಿ, “ಪ್ರಶ್ನೆಪತ್ರಿಕಿ ಎಲ್ಲಿ ನೋಡಿದಿರಿ?” ಎಂದು ಕೇಳಿದೆ. ಸುಶ್ಮಿತಾ ಎದ್ದ ಸದ್ದು.

“ಟಿವ್ಯಾಗ್ರಿ ಸರ.”

ಪರದೆಯನ್ನು ಕಪ್ಪಾಗಿಡುವ ವ್ಯವಸ್ಥೆ ಹಳೆಯ ಕಂಪ್ಯೂಟರಿನಲ್ಲಿ ಸದಾ ಇತ್ತು. ಹೊಸದರಲ್ಲಿ ಅದನ್ನು ನಾನೇ ಹೇಳಿ ಹಾಕಿಸಬೇಕಿತ್ತು. 'ಹೋಯಿತು' ಎಂದು ಗೊಣಗಿದೆ, ಹುಡುಕಲಿಲ್ಲ. ಕಿವಿಯಲ್ಲಿ ಮಾವ ಗುಟ್ಟಾಗಿ ಓದುತ್ತಿದ್ದರೆ, ನಾನು ಬರೆದ ಒಂದೊಂದು ಅಕ್ಷರವೂ ಕಂಪ್ಯೂಟರಿಗೆ ಜೋಡಿಸಿದ್ದ, ನನ್ನ ತಲೆಯ ಮೇಲಿನ ಟಿವಿಯಲ್ಲಿ ದೊಡ್ಡದಾಗಿ ಮೂಡುತ್ತಿತ್ತು. ಇಡೀ ತರಗತಿ ಊಟ ಬೇಗ ಮುಗಿಸಿ ಬಂದು, ಎದುರಿಗೆ ಕೂತು ಉಸಿರು ಹಿಡಿದು ಓದುತ್ತಿತ್ತು. ಕರೆಂಟು ಹೋದ ದಿನ ಯುಪಿಎಸ್ ಕಂಪ್ಯೂಟರಿಗೆ ಮಾತ್ರ ಇತ್ತು, ಟಿವಿ ಆರಿತ್ತು.

“ಕಣ್ಣಿಗಿ ಬಿದ್ದದ್ದು ಓದೂದು ತಪ್ಪೇನ್ರಿ ಸರ? ನೀವ ರಿವಿಜನ್‌ಕ ಅಂತ ಹಾಕೀರೇನೋ ಅಂದ್ಕೊಂಡ್ವಿ.”

“ಸುಳ್ಳ ಹೇಳಬ್ಯಾಡ ಸುಶ್ಮಿತಾ.”

“…ತಪ್ಪಾತ್ರಿ.”

ಆಗ ನನಗೆ ಇನ್ನೊಂದು ಹೊಳೆಯಿತು. “ದಿನಚರಿ? ಅದನ್ನೂ?”

“ದಿನಾ ಓದ್ತಿದ್ವ್ರಿ” ಎಂದ ಜಾಹೀದ. “ಕಥಿ ಇದ್ದಂಗ ಇತ್ರಿ. ಇಜಾಜ ಸರ್ ಬಾಳ ಮಜಾ ಅದಾರ್ರಿ.” ಯಾರೋ ಅವನಿಗೆ ಗುದ್ದಿದರು. ಅವನು ನಿಲ್ಲಿಸಲಿಲ್ಲ. “ಆದ್ರ ಸರ, ಹೆಡ್ ಸರ್‌ಗೆ ಹೇಳಬೇಕು ಹೇಳಬೇಕು ಅಂತ ಎಷ್ಟ ಚಂದ ಬರದೀರಿ. ಒಂದೂ ಯಾಕ ಹೇಳಲಿಲ್ರಿ?”

ನಾನು ಪುಸ್ತಕ ಮುಚ್ಚಿ ಹೊರಗೆ ಬಂದೆ. ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು. ಇಷ್ಟು ವರ್ಷದಲ್ಲಿ ಆ ಬಾಗಿಲು ನನಗೆ ಒಮ್ಮೆಯೂ ಬಡಿದಿರಲಿಲ್ಲ.

ಡಿಸೆಂಬರ್ ೧೭, ಮಂಗಳವಾರ

ಪುಂಡಲೀಕಪ್ಪನವರ ಹತ್ತಿರ ಹೋಗಿ, ಪ್ರಶ್ನೆಪತ್ರಿಕೆ ನನ್ನಿಂದಲೇ ಬಯಲಾಯಿತು ಎಂದೆ. ಹೇಗೆ ಎಂಬುದನ್ನೂ ಹೇಳಿದೆ.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ಪಾಪ, ನಿಮಗ ಹೆಂಗ ಗೊತ್ತಾಗಬೇಕ್ರಿ? ಅದಕ್ಕ ನಾ ಮೊದಲ ಹೇಳಿದ್ದು” ಎಂದು ಬೆನ್ನು ಸವರಿದರು. ಹತ್ತನೆಯ ತರಗತಿ ನಾಳೆಯಿಂದ ವೀರೇಶ ಸರ್‌ಗೆ.

“ಆತ್ರಿ” ಎಂದೆ.

ಡಿಸೆಂಬರ್ ೧೮, ಬುಧವಾರ

ಎಂಟನೆಯ ತರಗತಿಯಲ್ಲಿ ರಾಜಾರಾಣಿ. ಗೋಡೆಯಾಚೆ ವೀರೇಶ ಸರ್ ನನ್ನ ಮಕ್ಕಳಿಗೆ ಓದಿ ಬರೆಸುತ್ತಿದ್ದರು.

ಮಧ್ಯಾಹ್ನ ಇಲ್ಲಿ ಕೂತು ಪುಂಡಲೀಕಪ್ಪನವರಿಗೆ ಹೇಳಬೇಕಾದದ್ದನ್ನು ಉದ್ದಕ್ಕೆ ಬರೆದೆ. ಮಾವನಿಂದ ಓದಿಸಿದೆ. ಚೆನ್ನಾಗಿತ್ತು. ಅಳಿಸಿಬಿಟ್ಟೆ.

ಡಿಸೆಂಬರ್ ೧೯, ಗುರುವಾರ

ಪ್ರಾರ್ಥನೆ ಮುಗಿದ ಕೂಡಲೇ ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಕೂಡ್ರಿ ಎಂದರು. “ಕುಂಡ್ರತೀನ್ರಿ, ಆದ್ರ ನಿಮ್ಮ ಖುರ್ಚ್ಯಾಗ. ಒಂದೀಟು ಏಳ್ರಿ ಸರ” ಎಂದೆ.

“ಏನಂದ್ರಿ?”

“ನಿಮ್ಮ ಕಂಪ್ಯೂಟರು ಬೇಕಾಗೇತಿ. ಏಳ್ರಿ.”

ಅವರು ಎದ್ದರು. ಗಾಬರಿಗೇ ಎದ್ದಿರಬೇಕು. ನಾನು ಕೂತು, ಕಿಸೆಯಿಂದ ಪೆನ್‌ಡ್ರೈವ್ ತೆಗೆದು, ತಡವಿ ಚುಚ್ಚಿದೆ. ಇಯರ್‌ಫೋನು ಹಾಕಲಿಲ್ಲ. ಗಿರಣಿ ಮಾವ ಕೋಣೆಯೆಲ್ಲ ತುಂಬುವ ಹಾಗೆ ಎದ್ದು ಕೂಗಿದ. ಹೊರಗೆ ಗಂಟೆ ಹೊಡೆಯುವ ಪ್ಯೂನ್ ಸಹ ಓಡಿ ಬಂದ.

ಮಾವ ಮೊದಲು ಓದಿದ್ದೇನು? ಆ ಕಂಪ್ಯೂಟರಿನ ಜೊತೆ ಬಂದ, ಕೊಂಡ ತಂತ್ರಾಂಶದ ಗಂಟಿನ ಎಚ್ಚರಿಕೆ. ಅವಧಿ ಮುಗಿದು ಬಹಳ ದಿನವಾಗಿದೆ, ಹಣ ಕಟ್ಟಿ, ಅಲ್ಲಿಯವರೆಗೆ ಓದಬಹುದೇ ಹೊರತು ಬರೆಯಲಾಗದು.

“ಅದನ್ನ ದಿನಾ ಕೆಂಪ ಗುರುತು ಒತ್ತಿ ಮುಚ್ಚತೀನ್ರಿ” ಎಂದರು ಪುಂಡಲೀಕಪ್ಪನವರು, ಸಣ್ಣ ದನಿಯಲ್ಲಿ.

“ಮತ್ತ ಪತ್ರಾ ಹೆಂಗ ಬರೀತೀರಿ?”

“ವೀರೇಶ ಸರ್ ತಮ್ಮ ಲ್ಯಾಪ್‌ಟಾಪಿನ್ಯಾಗ ಬರಕೊಡ್ತಾರ.”

“ಹೌದಲ್ರಿ. ನಿಮ್ಮ ಪತ್ರಾ ವೀರೇಶ ಸರ್ ಬರಕೊಡ್ತಾರ. ಆದ್ರ ನಿಮ್ಮ ಖುರ್ಚಿ ಯಾರೂ ತಗದು ಅವರಿಗಿ ಕೊಟ್ಟಿಲ್ಲ. ಪಾಪ ಅಂತ ಯಾರೂ ನಿಮ್ಮ ಬೆನ್ನು ಸವರಿಲ್ಲ.”

ಪ್ಯೂನ್ ಮೆಲ್ಲಗೆ ಹೊರಗೆ ಹೋದ. ನಾನು ಮುಂದುವರಿಸಿದೆ. ಪೆನ್‌ಡ್ರೈವಿನಿಂದಲೇ ಪುಕ್ಕಟೆ ಬರೆಯುವ ತಂತ್ರಾಂಶ ತೆರೆದೆ, ಪರದೆ ಕಪ್ಪಾಗುವ ಕೀಲಿ ಒತ್ತಿದೆ. “ಈಗ ಏನರ ಕಾಣತೈತೇನ್ರಿ?” ಎಂದೆ. “ಏನೂ ಇಲ್ಲ. ಕರ್ರಗ” ಎಂದರು. ಆ ಕರಿ ಪರದೆಯ ಮುಂದೆ ಅವರನ್ನು ನಿಲ್ಲಿಸಿಕೊಂಡು ಹೊಸ ಪ್ರಶ್ನೆಪತ್ರಿಕೆ ಬರೆಯತೊಡಗಿದೆ. ಮಾವ ಓಡುವ ವೇಗಕ್ಕೆ ಅವರಿಗೆ ಒಂದು ಶಬ್ದವೂ ತಿಳಿಯಲಿಲ್ಲ. “ಇದು ಕನ್ನಡಾನೇನ್ರಿ?” ಎಂದರು. “ಅಚ್ಚ ಕನ್ನಡ. ಕಿವಿ ಪಳಗಬೇಕು” ಎಂದೆ.

ಬರೆಯುತ್ತಲೇ ಹೇಳಿದೆ. ತಪ್ಪು ನನ್ನದು, ಒಪ್ಪಿದ್ದೇನೆ. ಕಣ್ಣಿದ್ದವರ ಕೈಯಲ್ಲೂ ಪ್ರಶ್ನೆಪತ್ರಿಕೆಗಳು ಬಯಲಾಗಿವೆ, ಅವರಿಗೆ ಮರುಪರೀಕ್ಷೆ ಮಾಡಿ ಎಂದಿದ್ದೀರಿ, ತರಗತಿ ಕಿತ್ತುಕೊಂಡಿಲ್ಲ. ನನಗೂ ಅಷ್ಟೇ ಮಾಡಿ. ಕಂಪ್ಯೂಟರನ್ನು ಟಿವಿಯ ಕೆಳಗಿಂದ ತೆಗೆಸಿ. ಪ್ಲಗ್ಗು ಸರಿಯಿಲ್ಲದಿದ್ದರೆ ಪ್ಲಗ್ಗು ರಿಪೇರಿ ಮಾಡಿಸಿ, ಮಾಸ್ತರನನ್ನಲ್ಲ.

ಪುಂಡಲೀಕಪ್ಪನವರು ಎದುರಿನ ಕುರ್ಚಿ ಎಳೆದು ಕೂತರು. ಅತಿಥಿಗಳು ಕೂರುವ ಆ ಕುರ್ಚಿಯ ಒಂದು ಕಾಲು ಗಿಡ್ಡ. ಅವರು ಓಲಾಡಿದ್ದು ಕೇಳಿಸಿತು.

“ಇಷ್ಟ ಮಾತು ನಿಮ್ಮ ಹಂತ್ಯಾಕ ಇದ್ದುವೇನ್ರಿ ಮೌಲಾಸಾಬ್ರ?”

“ಇದ್ದೂರಿ. ಬ್ಯಾರೆ ಕಡೆ ಇಡತಿದ್ದೆ.”

ಅವರು ಮೊದಲು ಕೆಮ್ಮಿದರು, ಆಮೇಲೆ ನಕ್ಕರು. ಶನಿವಾರ ಮರುಪರೀಕ್ಷೆ. ಅದು ಸರಿಹೋದರೆ ಸೋಮವಾರದಿಂದ ತರಗತಿ ನನ್ನದು. ಏಳುವಾಗ, “ಆ ಪುಕ್ಕಟೆ ಬರಿಯೂದು ನನಗೂ ಒಂದು ಹಾಕಿಕೊಡ್ರಿ. ದನಿ ಬ್ಯಾಡ, ಬರೇ ಬರಿಯೂದು” ಎಂದರು.

“ದನಿ ಇದ್ದರ ಚಲೋ ಇರತಿತ್ರಿ” ಎಂದೆ.

ಡಿಸೆಂಬರ್ ೨೩, ಸೋಮವಾರ

ಶನಿವಾರದ ಮರುಪರೀಕ್ಷೆಯ ಪತ್ರಿಕೆ ಬಯಲಾಗಲಿಲ್ಲ, ಇವತ್ತು ಮತ್ತೆ ಹತ್ತನೆಯ ತರಗತಿಗೆ ಹೋದೆ. ಜಾಹೀದ ಪೂರ್ತಿ ಫೇಲು. ಸುಶ್ಮಿತಾ ಅಂಚಿನಲ್ಲಿ ಪಾಸು. ಯಾರ ಗಾಡಿಯೂ ಮೂರನೆಯ ಪ್ರಶ್ನೆ ದಾಟಿಲ್ಲ ಎಂದಳು ಮೆಹಬೂಬಿ. ಮಾರ್ಚಿನೊಳಗೆ ಇವರನ್ನು ದಡ ಮುಟ್ಟಿಸಬೇಕು. ಬೆಳಿಗ್ಗೆ ಬೇಗ ಬರಬೇಕೆಂದು ಹೇಳಿದ್ದೇನೆ, ಅಷ್ಟೂ ಜನ ನರಳಿದರು.

ಪುಂಡಲೀಕಪ್ಪನವರು ವರಾಂಡದಲ್ಲಿ ಸಿಕ್ಕು, ಇಷ್ಟು ಕಡಿಮೆ ಅಂಕ ಬಂದರೆ ಹೇಗೆ, ನಿಮಗೆ ಸಹಾಯಕ್ಕೆ ವೀರೇಶ ಸರ್‌ನ ಕೊಡಲೇ ಎಂದು ಶುರು ಮಾಡಿದರು. ಅಲ್ಲೇ ಏನೋ ಅಂದೆ. ಅವರೂ ಏನೋ ಅಂದರು, ಇಬ್ಬರೂ ನಕ್ಕ ನೆನಪು. ಏನಂದೆನೋ ಈಗ ಹೊಳೆಯುತ್ತಿಲ್ಲ, ಇಲ್ಲಿ ಬರೆಯಲು ಏನೂ ಉಳಿದಿಲ್ಲ. ಗಂಟೆ ಹೊಡೆಯಿತು. ಹೋಗಬೇಕು.